ಸೆರಗು ಚೆಂದ, ಒಡಲೆಲ್ಲಿ?

ಪ್ರಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಎರಡು ತಿಂಗಳು ಮೊದಲೇ ದುಡ್ಡು ಕಟ್ಟಿ, ದಿನಾ ಪೋಸ್ಟ್‌ಮ್ಯಾನ್ ದಾರಿ ಕಾಯ್ದು ತರಿಸಿಕೊಂಡ ಕಾದಂಬರಿ ನೂರೈವತ್ತನೇ ಪುಟಕ್ಕೆ ಬರೋದ್ರೊಳಗೆ ಸಪ್ಪೆಯಾಯ್ತು ಅಂತ ಬರೆದಿದ್ದೀಯ. ಮೂರು ಪುಟ ಬೈದಿದ್ದೀಯ. ಬೈಗುಳ ಚೆನ್ನಾಗಿದೆ, ಎರಡು ಕಡೆ ನಗುವೂ ಬಂತು. ಆದರೆ ಅಷ್ಟು ಓದಿದ ಮೇಲೂ ಆ ಪುಸ್ತಕ ಎಲ್ಲಿ ಕೆಟ್ಟಿತು ಅಂತ ನನಗೆ ಗೊತ್ತಾಗಲಿಲ್ಲ. ನಿನಗೂ ಗೊತ್ತಾಗಿಲ್ಲ ಅನ್ಸುತ್ತೆ.

ಬೆನ್ನುಡಿಯ ಮಾತು ಮೊದಲು ಮುಗಿಸಿಬಿಡೋಣ. ಯಾರೋ 'ದಶಕದ ಕಾದಂಬರಿ' ಅಂದರು, ನೀನು ನಂಬಿದೆ. ಹೊಗಳಿಕೆ ನಮ್ಮ ಬಾಗಲಕೋಟೆ ಜಿಲ್ಲೆಗೇನು ಹೊಸದಲ್ಲ ಮಾರಾಯಾ. ಐಹೊಳೆಯ ಮೇಗುತಿ ಗುಡಿಯ ಗೋಡೆ ಮೇಲೆ ಕವಿ ರವಿಕೀರ್ತಿ ಕ್ರಿ.ಶ. 634ರ ಹೊತ್ತಿಗೇ ತನಗೆ ಕಾಳಿದಾಸ, ಭಾರವಿಯರಷ್ಟು ಕೀರ್ತಿ ಬಂದಿದೆ ಅಂತ ಕಲ್ಲಲ್ಲಿ ಬರೆಸಿಕೊಂಡ. (ಆ ಜಂಭದಿಂದ ಒಂದು ಉಪಕಾರವೂ ಆಯ್ತು. ಕಾಳಿದಾಸ ಅದಕ್ಕಿಂತ ಈಚೆಯವನಲ್ಲ ಅಂತ ಪಂಡಿತರಿಗೆ ಒಂದು ಗೆರೆ ಸಿಕ್ಕಿತು.) ಮುಧೋಳದ ಕಡೆಯ ನಮ್ಮ ರನ್ನನಂತೂ ತನ್ನ ಕಾವ್ಯ ಪರೀಕ್ಷೆ ಮಾಡೋರಿಗೆ ಎಂಟೆದೆ ಇದೆಯಾ ಅಂತ ಕೇಳಿಬಿಟ್ಟ. ರನ್ನ ಆಡಿದ ಮಾತು ಉಳಿಸಿಕೊಂಡ, ಬೇರೆಯವರು ಉಳಿಸಿಕೊಳ್ಳಲ್ಲ, ಅಷ್ಟೇ. ಬೆನ್ನುಡಿ ನೋಡಿ ಮೋಸಹೋಗಿದ್ದಕ್ಕೆ ಕಾದಂಬರಿಯನ್ನು ಬೈಯಬೇಡ.

ನನಗೆ ಆಸಕ್ತಿ ಇರೋದು ಇನ್ನೊಂದು ಥರದ ನಿರಾಸೆ ಬಗ್ಗೆ. ಕಾದಂಬರಿಯೇ ಮೊದಲ ಇಪ್ಪತ್ತು ಪುಟದಲ್ಲಿ ನಿನ್ನ ಕೈಗೆ ಏನೋ ಕೊಡುತ್ತೆ, ಆಮೇಲೆ ಕೊಟ್ಟಿದ್ದನ್ನೇ ಮರೆತುಬಿಡುತ್ತೆ.

ಇಳಕಲ್ ಸೀರೆ ನೇಯೋದನ್ನು ಹತ್ತಿರ ಕೂತು ನೋಡಿದ್ದೀಯಾ? ಅಂಗಡಿಯಲ್ಲಿ ಸೆರಗು ಬಿಚ್ಚಿ ತೋರಿಸಿದರೆ ಸಾಕು, ಕೆಂಪು ರೇಷ್ಮೆ, ಬಿಳಿ ತೆನೆ, ಕಣ್ಣು ಅಲ್ಲೇ ನಿಲ್ಲುತ್ತೆ. ಆದರೆ ಸೆರಗಿನ ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು, ಬೇರೆ, ಒಡಲಿನ ಹಾಸು ಬೇರೆ. ಒಡಲು ಹತ್ತಿಯದ್ದೂ ಇರಬಹುದು. ಆ ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕಬೇಕು, ಬೇಸರ ಹಿಡಿಸೋ ಕೆಲಸ, ಸೀರೆ ಉಟ್ಟವರಿಗೆ ಅದು ಕಾಣೋದೂ ಇಲ್ಲ. ಈಗಿನ ಎಷ್ಟೋ ಕಾದಂಬರಿಗಳಲ್ಲಿ ಮೊದಲ ಅಧ್ಯಾಯ ಸೆರಗಿನ ಹಾಗೆ ಇರುತ್ತೆ, ಅದನ್ನು ಹತ್ತು ಸಲ ತಿದ್ದಿರ್ತಾರೆ, ಗೆಳೆಯರಿಗೆ ಓದಿ ಹೇಳಿರ್ತಾರೆ, ಪತ್ರಿಕೆಗೂ ಕೊಟ್ಟಿರ್ತಾರೆ. ಎರಡನೇ ಅಧ್ಯಾಯದಿಂದ ಬೇರೆಯೇ ನೂಲು ಶುರುವಾಗುತ್ತೆ. ಕೊಂಡಿ ಹಾಕಿರಲ್ಲ.

ಬೇರೆಯವರದ್ದು ಯಾಕೆ, ನನ್ನದೇ ಹೇಳ್ತೀನಿ ಕೇಳು.

ನಾನು ಮುಳುಗಡೆ ಮೇಲೆ ಒಂದು ಕಾದಂಬರಿ ಬರೆದೆ. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದ ಮೇಲೆ ಇವತ್ತು ನೀರು ಬರ್ತದೆ, ನಾಳೆ ಬರ್ತದೆ ಅಂತ ವರ್ಷಗಟ್ಟಲೆ ಕಾದ ಊರು ಇದು. ಹಾಗಾಗಿ ಇಲ್ಲಿಯವನೇ ಒಬ್ಬ ಆ ಕಥೆ ಬರೀತಾನೆ ಅಂದಾಗ ಜನಕ್ಕೆ ಎಷ್ಟು ಆಸೆ ಇರುತ್ತೆ, ಯೋಚಿಸು. ಮೊದಲ ಅಧ್ಯಾಯದಲ್ಲಿ ಒಬ್ಬ ಮನುಷ್ಯ ಹಳೇ ಬಾಗಲಕೋಟೆಯ ತನ್ನ ಮನೆಯ ಬಾಗಿಲ ಚೌಕಟ್ಟನ್ನು ತಾನೇ ಕಿತ್ತು ಚಕ್ಕಡಿಗೆ ಹೇರ್ತಾನೆ. ಅದನ್ನು ಎಲ್ಲರೂ ಹೊಗಳಿದರು. ಅದಾದ ಮೇಲೆ ನಾನು ಹೋರಾಟ, ಕಚೇರಿ, ಪರಿಹಾರದ ಕಡತ ಅಂತ ಎಲ್ಲೆಲ್ಲೋ ಹೋದೆ. ಮಾಹಿತಿ ಜಾಸ್ತಿ ಕಲೆಹಾಕಿದ್ದೆ, ಬಿಡೋಕೆ ಮನಸ್ಸಾಗಲಿಲ್ಲ. ಒಬ್ಬ ರೈತನ ಬಾಯಲ್ಲಿ ಜಲಾಶಯದ ಮಟ್ಟ 519.60 ಮೀಟರ್ ಅಂತ ಹೇಳಿಸಿದ್ದೆ, ದಶಾಂಶ ಸಮೇತ! ನಮ್ಮ ಜನ 519, 524 ಅಂತ ಮಾತಾಡೋದು ನಿಜ, ಅಣೆಕಟ್ಟು ಎತ್ತರಿಸೋ ವಿಷಯ ಬಂದಾಗೆಲ್ಲ ಮಾತಾಡ್ತಾರೆ, ಆದರೆ ಹಾಗಂದಾಗ ಅವರ ಕಣ್ಣಮುಂದೆ ಇರೋದು ಯಾರ ಹೊಲದ ಬದುವಿಗೆ ನೀರು ಬಂತು ಅನ್ನೋ ಲೆಕ್ಕ. ನಾನು ಬರೆದಿದ್ದು ಎಂಜಿನಿಯರ್ ವರದಿ.

ಕಾದಂಬರಿ ಬಂದು ಆರು ತಿಂಗಳಾದ ಮೇಲೆ ಮುಳುಗಡೆಯವರಿಗೆ ಅಂತ ಕಟ್ಟಿದ ನವನಗರದ ಒಬ್ಬ ಅಜ್ಜ ಹುಡುಕಿಕೊಂಡು ಬಂದರು. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಕೂತರು, ಚಹಾ ಕುಡಿದರು. ಆಮೇಲೆ ಕೇಳಿದರು: "ಎಲ್ಲಾ ಛಲೋ ಬರದೀರಿ. ಆ ಚೌಕಟ್ಟು ಎಲ್ಲಿ ಹೋತ್ರಿ?"

ನನಗೆ ಉತ್ತರ ಹೊಳೆಯಲಿಲ್ಲ. ಚಕ್ಕಡಿ ಹೊರಟಿದ್ದು ನೆನಪಿತ್ತು, ಎಲ್ಲಿಗೆ ಮುಟ್ಟಿತು ಅಂತ ನಾನು ಬರೆದೇ ಇರಲಿಲ್ಲ.

"ನಮ್ಮ ಮನೀದು ಹೊಸಾ ಮನಿಗೆ ಕೂಡಲಿಲ್ಲ," ಅಂದರು. "ಗ್ವಾಡಿ ಗಿಡ್ಡ ಆತು, ಚೌಕಟ್ಟು ಎತ್ತರ ಆತು. ಕಡೀಕ ಕೆಳಗ ನಾಕು ಬಟ್ಟು ಕೊಯ್ಸಿದ್ವಿ. ನಮ್ಮವ್ವ ಅವತ್ತ ಊಟಾ ಮಾಡಲಿಲ್ಲ. ಅದು ಬರ್ತದ, ಅದು ಬರ್ತದ ಅಂತ ಕಡೀ ಪುಟದ ಮಟ ಓದಿದೆ ನೋಡ್ರಿ."

ಸಿಟ್ಟಿನಿಂದ ಹೇಳಲಿಲ್ಲ, ಅದೇ ಜಾಸ್ತಿ ಚುಚ್ಚಿತು. ವಿಮರ್ಶಕರೊಬ್ಬರು ಅದೇ ಪುಸ್ತಕಕ್ಕೆ 'ಆಳ ಸಾಲದು' ಅಂತ ಬರೆದಿದ್ದರು. ಆ ಮಾತಿನಿಂದ ನಾನು ಏನೂ ಕಲಿಯಲಿಲ್ಲ, ಆಳ ಅಂದರೆ ಎಷ್ಟು ಮೊಳ ಅಂತ ಯಾರಿಗೆ ಗೊತ್ತು? ಆದರೆ ಚೌಕಟ್ಟು ಎಲ್ಲಿ ಹೋಯ್ತು ಅನ್ನೋದು ನೇರ ಪ್ರಶ್ನೆ. ಆ ಅಜ್ಜ ಮಹಾ ಕೃತಿ ಬೇಕು ಅಂತ ಬಂದವರಲ್ಲ. ನಾನೇ ಹೇರಿ ಕಳಿಸಿದ ಸಾಮಾನಿನ ಲೆಕ್ಕ ಕೇಳೋಕೆ ಬಂದಿದ್ದರು.

ಅದಕ್ಕೇ ನಿನಗೆ ಒಂದು ಕೆಲಸ ಹೇಳ್ತೀನಿ. ಬೈಯೋದನ್ನು ಒಂದು ವಾರ ತಡಿ. ಪೆನ್ಸಿಲ್ ತಗೊಂಡು ಬೇಸರ ಶುರುವಾದ ಪುಟದಿಂದ ಹಿಂದಕ್ಕೆ ಹೋಗು. ನೂರೈವತ್ತರಲ್ಲಿ ಬೇಸರ ಬಂತು ಅಂದರೆ ತಪ್ಪು ಅಲ್ಲೇ ಇರಬೇಕು ಅಂತಿಲ್ಲ. ಎಪ್ಪತ್ತರಲ್ಲೋ ತೊಂಬತ್ತರಲ್ಲೋ ಯಾವುದೋ ಎಳೆ ತುಂಡಾಗಿರುತ್ತೆ, ಲೇಖಕರ ಮೇಲಿನ ಪ್ರೀತಿಯಿಂದ ನೀನು ಮುಂದೆ ಬಂದೇ ಬರ್ತದೆ ಅಂತ ಇನ್ನೂ ಅರವತ್ತು ಪುಟ ಸುಮ್ನೆ ಸಾಲ ಕೊಟ್ಟಿರ್ತೀಯ. ಯಾವ ಪಾತ್ರ ಮಾತಾಡೋದು ಬಿಟ್ಟು ಭಾಷಣ ಶುರು ಮಾಡಿತು? ಹೆದರಿದ ಜಾಗದಲ್ಲಿ ಲೇಖಕರು 'ಐದು ವರ್ಷ ಕಳೆದವು' ಅಂತ ಹಾರಿಬಿಟ್ಟರಾ? ಹುಡುಕು. ಸಿಗದೇ ಇದ್ದರೆ, ತಪ್ಪು ನಿನ್ನದೂ ಆಗಿರಬಹುದು. ಹಿಂದಿನ ಪುಸ್ತಕವನ್ನೇ ಮತ್ತೊಮ್ಮೆ ಓದೋ ಆಸೆಯಿಂದ ಹೊಸದನ್ನು ಕೊಂಡಿದ್ದೆಯೇನೋ. ನಾನೂ ಹಾಗೆ ಮಾಡಿ ಒಬ್ಬ ಒಳ್ಳೆ ಲೇಖಕರ ಪುಸ್ತಕವನ್ನು ಹತ್ತು ವರ್ಷ ಕಪಾಟಿನಲ್ಲಿ ತಿರುವಿ ಇಟ್ಟಿದ್ದೆ. ಆಮೇಲೆ ಓದಿದರೆ ಬಲು ಚೆನ್ನಾಗಿತ್ತು.

ಇನ್ನು ನೀನು ಕಳಿಸಿದ ಮೂರು ಅಧ್ಯಾಯ. ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಆ ಹೆಂಗಸು ಚೀಲ ಬಿಟ್ಟು ಬಸ್ ಹತ್ತುತ್ತಾಳಲ್ಲ, ಆ ಪುಟ ಓದಿ ನಾನು ಕನ್ನಡಕ ತೆಗೆದು ಸುಮ್ಮನೆ ಕೂತೆ. ಅಷ್ಟು ಚೆನ್ನಾಗಿದೆ. ಮೂರನೇ ಅಧ್ಯಾಯ ಮುಗಿದರೂ ಚೀಲದ ಸುದ್ದಿ ಇಲ್ಲ. ಕಬ್ಬಿನ ಬಾಕಿ ಬಗ್ಗೆ ಹನ್ನೊಂದು ಪುಟ ಇದೆ. ಬಾಕಿಯ ಸಂಕಟ ನಿಜವೇ, ತೆಗಿ ಅನ್ನಲ್ಲ, ಆದರೆ ಚೀಲ ಯಾರ ಕೈಗೆ ಸಿಕ್ಕಿತು ಅಂತ ನಿನಗಾದರೂ ಗೊತ್ತಾ? ಗೊತ್ತಿಲ್ಲದಿದ್ದರೆ ನಾಲ್ಕನೇ ಅಧ್ಯಾಯ ಈಗಲೇ ಬರೆಯಬೇಡ.

ದಸರಾ ರಜೆಗೆ ಬಾಗಲಕೋಟೆಗೆ ಬರ್ತೀಯಲ್ಲ, ಆ ಕಾದಂಬರಿಯನ್ನೂ ತಗೊಂಡು ಬಾ. ನಾನಿನ್ನೂ ಓದಿಲ್ಲ. ನೀನು ಪೆನ್ಸಿಲ್ ಗೆರೆ ಹಾಕಿದ್ದನ್ನು ಅಳಿಸಿ ಕೊಡು, ನನಗೂ ಅದೇ ಪುಟ ಸಿಗುತ್ತಾ ನೋಡೋಣ.

ನಿನ್ನ,
ನವನಗರದ ಮಾಸ್ತರ