ಒಂದು ಗೇಣು ಕಂಬಳಿ ಕಳಿಸು ಮಾರಾಯ

ಪ್ರೀತಿಯ ಮಿರ್ಚಿ,

ಫೋನ್ ಮಾಡಿದರೆ ನೀನು ಮೊದಲು ಮಳೆ ಕೇಳುತ್ತೀ, ಆಮೇಲೆ ಮೀನಿನ ರೇಟು ಕೇಳುತ್ತೀ, ಅಷ್ಟರಲ್ಲಿ ನಾನು ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಪತ್ರ. ನಾಲ್ಕು ಜನ ಓದುವ ಕಡೆ ಹಾಕುತ್ತಿದ್ದೇನೆ ಅಂತ ಸಿಟ್ಟಾಗಬೇಡ. ನಿನಗೊಬ್ಬನಿಗೇ ಬರೆದರೆ ಅರ್ಧಕ್ಕೆ ನಿಲ್ಲಿಸಿ, ಹರಿದು, ಸುಮ್ಮನಾಗುತ್ತೇನೆ. ನಾಲ್ಕು ಜನ ಇದ್ದರೆ ಮುಗಿಸಲೇಬೇಕಾಗುತ್ತದೆ. ಮಳೆ ಜೋರಾಗಿದೆ. ಜೂನ್ ಒಂದರಿಂದ ಬೋಟು ಬಂದ್, ಬಂಗುಡೆಯ ರೇಟು ಕೇಳುವ ಧೈರ್ಯ ನನಗೂ ಇಲ್ಲ. ಎರಡೂ ಆಯಿತಲ್ಲ, ಇನ್ನು ಕೇಳು.

ನನಗೊಂದು ಗೇಣು ಕಂಬಳಿ ಬೇಕು. ಇಡೀ ಕಂಬಳಿ ಬೇಡ, ಹಳೆಯದರ ಒಂದು ಮೂಲೆ ಸಾಕು. ಕುರಿಯ ಉಣ್ಣೆಯದ್ದೇ ಆಗಬೇಕು, ಕೈಯಲ್ಲಿ ನೇಯ್ದದ್ದು. ಕಡುಗಪ್ಪು ಬೇಡ, ಕಂದು. ನಿಮ್ಮ ಅಜ್ಜ ಪಡಸಾಲೆಯಲ್ಲಿ ಹಾಸಿಕೊಂಡು ಕೂರುತ್ತಿದ್ದರಲ್ಲ, ಆ ಬಣ್ಣ. ನಿಮ್ಮ ಸಂತೆಯಲ್ಲಿ ಸಿಗದಿದ್ದರೆ ಚಳ್ಳಕೆರೆ ಕಡೆ ಹೋಗುವ ಯಾರಿಗಾದರೂ ಹೇಳಿಡು.

ಯಾಕೆ ಅಂದರೆ, ಧಾರವಾಡದ ಹಾಸ್ಟೆಲಿಗೆ ಬಂದ ಮೊದಲ ವಾರ. ನಲ್ಲಿಯ ಹತ್ತಿರ ನಾನು ಬನಿಯನ್ ಬಿಚ್ಚಿ ನಿಂತಿದ್ದೆ. ನೀನು ಬಕೆಟ್ ಕೆಳಗಿಟ್ಟು ಕೇಳಿದೆ: "ಏನಪಾ ಅದು, ಮುಂದೊಂದು ಹಿಂದೊಂದು?" ನಾನು ನಿನ್ನ ಕೊರಳಿನ ಬೆಳ್ಳಿ ಕರಡಿಗೆ ನೋಡಿ, "ನಿನ್ನದು ಏನೋ ನನ್ನದೂ ಅದೇ" ಅಂದೆ. ನೀನು ನಂಬಿದೆ. ಅದು ತಪ್ಪು ಉತ್ತರ. ಇಷ್ಟು ವರ್ಷವಾದರೂ ಸರಿಯಾದದ್ದನ್ನು ಹೇಳಿಲ್ಲ.

ಅದು ಸ್ಕಾಪುಲರ್. ನಮ್ಮ ಮನೆಯ ಕೊಂಕಣಿಯಲ್ಲಿ ಬೆಂತಿಣ್. ಪೋರ್ಚುಗೀಸರ ಬೆಂತಿನ್ಯೊ ನಮ್ಮ ಬಾಯಲ್ಲಿ ಸವೆದು ಹಾಗಾಗಿದೆ. ಕಂದು ಉಣ್ಣೆಯ ಎರಡು ತುಂಡು, ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಎರಡನ್ನೂ ಜೋಡಿಸುವ ಎರಡು ದಾರ. ಹೆಗಲ ಮೇಲಿಂದ ಇಳಿಬಿಟ್ಟರೆ ಒಂದು ಎದೆಗೆ, ಒಂದು ಬೆನ್ನಿಗೆ. ನನ್ನ ಮೊದಲ ಪರಮಪ್ರಸಾದದ ದಿನ, ಅಂದರೆ ಇಗರ್ಜಿಯಲ್ಲಿ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸಿದ ದಿನ, ಫಾದರ್ ಪ್ರಾರ್ಥನೆ ಹೇಳಿ ತೊಡಿಸಿದರು. ನೀನು ನಿನ್ನ ಇಷ್ಟಲಿಂಗವನ್ನು ಸ್ನಾನವಾದ ಮೇಲೆ ಎಡ ಅಂಗೈಯಲ್ಲಿಟ್ಟು ನೋಡುತ್ತಾ ಕೂರುತ್ತಿದ್ದೆ, ಪೂಜಿಸುತ್ತಿದ್ದೆ. ನಾವು ಇದನ್ನು ಪೂಜಿಸುವುದಿಲ್ಲ. ಇದು ಬಟ್ಟೆ. ತೊಡುವುದು, ಬೆವರುವುದು, ಸವೆಸುವುದು. ಹರಿದರೆ ಕಸಕ್ಕೆ ಹಾಕದೆ ಸುಡುವುದು ಅಥವಾ ಮಣ್ಣಿಗೆ ಕೊಡುವುದು. ಹೀಗಾಗಿ ನಾನು ನನ್ನದನ್ನು ಕಣ್ಣಿಟ್ಟು ನೋಡಿದ್ದೇ ಕಡಿಮೆ.

ಇದರ ಬೇರು ಆಗಿನ ಪ್ಯಾಲೆಸ್ತೀನಿನ, ಈಗ ಇಸ್ರೇಲಿನಲ್ಲಿರುವ, ಕಾರ್ಮೆಲ್ ಬೆಟ್ಟದಲ್ಲಿದೆ. ಪ್ರವಾದಿ ಎಲಿಯಾನ ಆ ಬೆಟ್ಟದಲ್ಲಿ 13ನೇ ಶತಮಾನದ ಆರಂಭಕ್ಕೆ ಕೆಲವು ವಿರಕ್ತರು ಗುಹೆಗಳಲ್ಲಿದ್ದರು. ಜೆರುಸಲೇಮಿನ ಧರ್ಮಾಧ್ಯಕ್ಷ ಆಲ್ಬರ್ಟ್ ಅವರಿಗೊಂದು ನಿಯಮ ಬರೆದುಕೊಟ್ಟ. ಅಲ್ಲಿ ಬದುಕುವುದು ಕಷ್ಟವಾದಾಗ ಯುರೋಪಿಗೆ ಬಂದರು. ಅವರದೇ ಕಾರ್ಮೆಲ್ ಸಭೆ. 1251ರ ಜುಲೈ 16ರಂದು ಇಂಗ್ಲೆಂಡಿನಲ್ಲಿ ಅವರ ಹಿರಿಯ ಸೈಮನ್ ಸ್ಟಾಕ್‌ಗೆ ಮಾತೆ ಮರಿಯಾ ಕಾಣಿಸಿಕೊಂಡು ಸ್ಕಾಪುಲರ್ ಕೊಟ್ಟಳು, ಇದನ್ನು ತೊಟ್ಟು ಸಾಯುವವನಿಗೆ ನರಕದ ನಿತ್ಯದ ಬೆಂಕಿ ಇಲ್ಲ ಎಂದಳು, ಅಂತ ನಂಬಿಕೆ. ಆ ದರ್ಶನದ ಬಗ್ಗೆ ಸಿಗುವ ಬರಹಗಳು ನೂರಕ್ಕೂ ಹೆಚ್ಚು ವರ್ಷ ತಡವಾಗಿ ಬಂದವು ಎಂದು ಚರಿತ್ರೆಕಾರರು ಹೇಳುತ್ತಾರೆ. ಅಮ್ಮನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಅವಳು ಬೆಂತಿಣ್ ತೆಗೆಯುತ್ತಿರಲಿಲ್ಲ.

ಅವಳಿಗೆ ಕಾರ್ಮೆಲ್ ಎಂದರೆ ಇಂಗ್ಲೆಂಡೂ ಅಲ್ಲ, ಪ್ಯಾಲೆಸ್ತೀನೂ ಅಲ್ಲ, ನಮ್ಮ ಮಂಗಳೂರಿನ ಕಂಕನಾಡಿ. ಅಲ್ಲಿ ಹೊರಗೆ ಬಾರದ ಕಾರ್ಮೆಲ್ ಸಂನ್ಯಾಸಿನಿಯರ ಮಠವಿದೆ. ಸರಳಿನ ಆಚೆಯಿಂದ ಅವರ ಹಾಡು ಮಾತ್ರ ಕೇಳುತ್ತದೆ. 1870ರಲ್ಲಿ ಫ್ರಾನ್ಸಿನಿಂದ ಹಡಗು ಹತ್ತಿ ಮಂಗಳೂರಿಗೆ ಬಂದವರಲ್ಲಿ ಮರಿಯಂ ಬವಾರ್ದಿ ಎಂಬ ಹುಡುಗಿಯಿದ್ದಳು. ಗಲಿಲಾಯದ ಇಬಿಲ್ಲಿನ್ ಹಳ್ಳಿಯವಳು, ಅಂದರೆ ಆ ಕಾರ್ಮೆಲ್ ಬೆಟ್ಟದ ನೆರೆಯವಳೇ. 1871ರ ನವೆಂಬರ್ 21ರಂದು ಇದೇ ಮಂಗಳೂರಿನಲ್ಲಿ ವ್ರತ ತೆಗೆದುಕೊಂಡಳು, ಮರುವರ್ಷ ವಾಪಸು ಹೋದಳು, ಆಮೇಲೆ ಬೆತ್ಲೆಹೇಮಿನಲ್ಲಿ ಮಠ ಕಟ್ಟಿಸಿದಳು. 2015ರಲ್ಲಿ ಅವಳನ್ನು ಸಂತಳೆಂದು ಸಾರಿದಾಗ ಅಮ್ಮ ಟಿವಿಯ ಮುಂದೆ ಕೂತು, "ನಮ್ಮ ಊರಿನ ಮಳೆಯಲ್ಲಿ ನೆನೆದವಳು" ಅಂದಳು. ಸಂತಳಾಗಲು ಅದೇ ಮುಖ್ಯ ಅರ್ಹತೆ ಎನ್ನುವ ಹಾಗೆ.

ನೀನು ನಮ್ಮ ಮನೆಗೆ ಬಂದಾಗಲೆಲ್ಲ ಬುಧವಾರ ಶನಿವಾರ ಹುಡುಕಿ ಬರುತ್ತಿದ್ದೆ, ನೆನಪಿದೆಯಾ? ಆ ಎರಡು ದಿನ ಅಮ್ಮ ಮಾಂಸ ಮುಟ್ಟುತ್ತಿರಲಿಲ್ಲ. ಅದು ನಿನಗಾಗಿ ಅಂತ ನೀನು ತಿಳಿದಿದ್ದೆ, ಅವಳೂ ತಿದ್ದಲಿಲ್ಲ. ಅದು ಬೆಂತಿಣಿನ ನೇಮ. ಹಾಗೆ ನಡೆದುಕೊಂಡವರನ್ನು ಸತ್ತ ನಂತರದ ಮೊದಲ ಶನಿವಾರವೇ ಮಾತೆ ಬಂದು ಪುರ್ಗತೊರಿಯಿಂದ, ಅಂದರೆ ಸ್ವರ್ಗಕ್ಕೆ ಮೊದಲು ಆತ್ಮ ಶುದ್ಧಿಯಾಗುವ ಕಡೆಯಿಂದ, ಕರೆದೊಯ್ಯುತ್ತಾಳೆ ಎಂದು ಹಳಬರ ನಂಬಿಕೆ.

ಇನ್ನು ಅಮ್ಮನ ಕೊನೆಯ ದಿನಗಳು. ಆ ಕಥೆ ನಿನಗೆ ಗೊತ್ತು, ಮಣ್ಣಿನ ದಿನ ನಾನೇ ಹೇಳಿದ್ದೆ. ಆಸ್ಪತ್ರೆಯಲ್ಲಿ ಸ್ಕ್ಯಾನ್‌ಗೆ ಮೊದಲು ಮೈಮೇಲಿನದ್ದೆಲ್ಲ ತೆಗೆದರು. ಬಳೆ ಎರಡು, ಓಲೆ ಒಂದು ಜೊತೆ, ಉಂಗುರ ಒಂದು ಎಂದು ಬರೆದು ನನ್ನ ಸಹಿ ಹಾಕಿಸಿ ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟರು. ಬೆಂತಿಣ್ ಆ ಪಟ್ಟಿಯಲ್ಲಿರಲಿಲ್ಲ. ಎಲ್ಲಿ ಎಂದರೆ ಯಾರಿಗೂ ಗೊತ್ತಿಲ್ಲ. ವಾರ್ಡಿನ ಕಸದ ಬುಟ್ಟಿಗಳನ್ನೆಲ್ಲ ತಡಕಿದೆ. ಆಮೇಲೆ ಸ್ಕೂಟರ್ ತೆಗೆದು ಬಿಕರ್ನಕಟ್ಟೆಯ ಬಾಲಯೇಸು ಕ್ಷೇತ್ರಕ್ಕೆ ಹೋದೆ, ಅದು ಕಾರ್ಮೆಲ್ ಸಭೆಯ ಗುರುಗಳದ್ದೇ ಅಲ್ಲವಾ, ಅಲ್ಲಿ ಸಿಕ್ಕೇ ಸಿಗುತ್ತದೆ ಎಂದು. ಸಿಕ್ಕಿತು. ಒಮ್ಮೆ ವಿಧಿಪ್ರಕಾರ ತೊಡಿಸಿಕೊಂಡವರಿಗೆ ಹೊಸದನ್ನು ಮತ್ತೆ ಆಶೀರ್ವದಿಸಬೇಕಿಲ್ಲ ಎಂಬ ನಿಯಮ ಗೊತ್ತಿತ್ತು. ಸೀದಾ ತಂದು ಹಾಕಿದೆ. ಪೆಟ್ಟಿಗೆಯಲ್ಲಿ ಅವಳ ಬಿಳಿ ಸೀರೆಯ ಮೇಲೆ ನೀನು ನೋಡಿದ್ದು ಅದನ್ನೇ. ಒಳ್ಳೆಯ ಮಗ ಅಂತ ನನ್ನ ಹೆಗಲು ತಟ್ಟಿದ್ದೆ.

ಅದರಲ್ಲಿ ನಾನು ಬಿಟ್ಟುಬಿಟ್ಟ ಮಾತಿದೆ. ಹೋಗಿ ಬರಲು ಎರಡು ಗಂಟೆ ಹಿಡಿಯಿತು. ಹೊರಡುವಾಗ ಅಮ್ಮನಿಗೆ ಎಚ್ಚರವಿತ್ತು. ಬಂದಾಗ ಗಂಟಲಿಗೆ ನಳಿಗೆ ಹಾಕಿದ್ದರು, ಆಮೇಲೆ ಅವಳು ಕಣ್ಣು ತೆರೆಯಲಿಲ್ಲ. ನರ್ಸ್ ಹೇಳಿದಳು: "ಕೈ ಆಡಿಸ್ತಾ ಇದ್ರು, ಏನೋ ಹುಡುಕಿದ ಹಾಗೆ." ಬೆಂತಿಣ್ ಹುಡುಕಿದ್ದಾಳೆ ಎಂದೇ ನಾನು ಅಂದುಕೊಂಡೆ. ಎಲ್ಲರಿಗೂ ಹಾಗೆಯೇ ಹೇಳಿದೆ. ಅವಳು ಹುಡುಕಿದ್ದು ನನ್ನನ್ನು ಇರಬಹುದು ಎಂದು ಹೊಳೆಯಲು ನನಗೆ ಒಂದು ವರ್ಷ ಬೇಕಾಯಿತು.

ಇಲ್ಲಿಗೇ ನಿಲ್ಲಿಸಬೇಕು ಎಂದು ಕೂತಿದ್ದೆ. ಆಗುವುದಿಲ್ಲ ಅನಿಸುತ್ತದೆ.

ಹೋದ ತಿಂಗಳು ಸ್ನಾನ ಮಾಡುವಾಗ ನನ್ನ ಬೆಂತಿಣಿನ ದಾರ ಕಿತ್ತುಹೋಯಿತು. ಹಿಂದಿನ ತುಂಡು ಚರಂಡಿಯ ಜಾಲರಿಯ ಮೇಲೆ ಬಿತ್ತು. ಆವತ್ತು ಕೆಲಸಕ್ಕೆ ಹೋಗುವಾಗ ಪಂಪ್‌ವೆಲ್ ಹತ್ತಿರ ನನ್ನ ಕೈ ನಡುಗುತ್ತಿತ್ತು. ಪ್ರತಿ ಟ್ಯಾಂಕರ್ ನನ್ನ ಮೇಲೆಯೇ ಬರುತ್ತಿದೆ ಅನಿಸಿತು. ರಸ್ತೆಯ ಬದಿಗೆ ನಿಲ್ಲಿಸಿ ನೀರು ಕುಡಿಯುವಾಗ ಅರ್ಥವಾಯಿತು, ಈ ಹೆದರಿಕೆ ಹೊಸದಲ್ಲ. ಇದೇ ಹೆದರಿಕೆ ಆವತ್ತು ಆಸ್ಪತ್ರೆಯ ಲಿಫ್ಟಿನಲ್ಲೂ ಇತ್ತು.

ಮಿರ್ಚಿ, ಆವತ್ತು ನನ್ನ ಕೊರಳಲ್ಲೂ ಒಂದಿತ್ತು. ಬಿಚ್ಚಿ ಅಮ್ಮನಿಗೆ ಹಾಕಿ ಅವಳ ಪಕ್ಕದಲ್ಲೇ ಕೂರಬಹುದಿತ್ತು. ತೋಚಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ತೋಚಿತ್ತು. ಕೈ ಕಾಲರಿನ ತನಕ ಹೋಗಿತ್ತು. ಸ್ಕೂಟರಿನಲ್ಲಿ ಹೋಗುವವನು, ದಾರಿಯಲ್ಲಿ ನನಗೇನಾದರೂ ಆದರೆ ಎಂದು ಕೈ ಕೆಳಗಿಳಿಸಿದೆ.

ಅವಳು ಹೋದದ್ದು ಭಾನುವಾರ ರಾತ್ರಿ. ಶನಿವಾರಕ್ಕೆ ಆರು ದಿನ. ಒಂದೊಂದನ್ನೂ ಎಣಿಸಿದೆ. ಆ ಶನಿವಾರ ಬೆಳಿಗ್ಗೆ ಪೂಜೆ ಮುಗಿದು ಎಲ್ಲರೂ ಹೋದ ಮೇಲೂ ಇಗರ್ಜಿಯಲ್ಲಿ ಕೂತಿದ್ದೆ. ಆಮೇಲೆ ಓದಿ ತಿಳಿಯಿತು: ಆ ಶನಿವಾರದ ಮಾತಿಗೆ ಆಧಾರವೆಂದು ತೋರಿಸುವ 1322ರ ಪೋಪರ ಪತ್ರ ಅಸಲಿಯದಲ್ಲವಂತೆ. ಮಾತೆ ಪುರ್ಗತೊರಿಗೆ ಇಳಿಯುವ ಚಿತ್ರ ಬರೆಯಬಾರದೆಂದು 1613ರಲ್ಲೇ ರೋಮ್ ಹೇಳಿತ್ತು. ಅವಳ ಸಹಾಯವನ್ನು, ವಿಶೇಷವಾಗಿ ಶನಿವಾರ, ಭಕ್ತರು ನಂಬಬಹುದು ಎಂದಷ್ಟೇ ಉಳಿಸಿತು. ಓದಿದಾಗ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು.

ಹದಿನೈದು ದಿನದ ಹಿಂದೆ ಪಾಪನಿವೇದನೆಗೆ ಹೋಗಿ ಎಲ್ಲ ಹೇಳಿದೆ. ವಯಸ್ಸಾದ ಫಾದರ್. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಅಮ್ಮ ಅಡುಗೆ ಮಾಡುವಾಗ ಬೆಂತಿಣ್ ತೆಗೆದಿಡುತ್ತಿದ್ದಳಾ?"

ಇಲ್ಲ. ಮಿರ್ಚಿ, ನಾನದನ್ನು ಎಷ್ಟು ಸಲ ನೋಡಿದ್ದೆ! ಕಡೆಯುವ ಕಲ್ಲಿಗೆ ಬಗ್ಗಿದಾಗ ಎದೆಯ ತುಂಡು ರವಕೆಯಿಂದ ಹೊರಬಿದ್ದು ತೂಗಾಡುತ್ತಿತ್ತು, ಮಸಾಲೆಗೆ ತಾಗಬಾರದೆಂದು ಅವಳದನ್ನು ಬೆನ್ನಿಗೆ ಎಸೆದುಕೊಳ್ಳುತ್ತಿದ್ದಳು. ಆದರೂ ತಾಗುತ್ತಿತ್ತು. ಅದರ ಅಂಚು ಅರಿಸಿನದಿಂದ ಹಳದಿಯಾಗಿತ್ತು. ಮುಖದ ಹತ್ತಿರ ತಂದರೆ ತೆಂಗಿನೆಣ್ಣೆ, ಬೆವರು, ಹೊಗೆ. ಮಾತೆಯ ಚಿತ್ರವಿದ್ದ ಜಾಗದಲ್ಲಿ ಬರೀ ಒಂದು ಕಪ್ಪು ಕಲೆ ಉಳಿದಿತ್ತು.

ಫಾದರ್ ಹೇಳಿದರು, ಸ್ಕಾಪುಲರ್ ಮೊದಲಿಗೆ ಕೆಲಸದ ಬಟ್ಟೆ. ಸಂತ ಬೆನೆಡಿಕ್ಟರು 6ನೇ ಶತಮಾನದಲ್ಲಿ ಬರೆದ ನಿಯಮದಲ್ಲಿ ಸಂನ್ಯಾಸಿಗಳಿಗೆ ಕೊಡಬೇಕಾದ ಬಟ್ಟೆಗಳನ್ನು ಹೇಳುವಾಗ "ಕೆಲಸಕ್ಕೆ ಸ್ಕಾಪುಲರ್" ಎಂದೇ ಇದೆ. ಹೆಗಲಿಂದ ಮುಂದೆ ಹಿಂದೆ ಇಳಿಯುವ ಉದ್ದನೆಯ ಪಟ್ಟಿ. ಕಾರ್ಮೆಲ್ ಸಂನ್ಯಾಸಿಗಳ ಆ ಉದ್ದ ಬಟ್ಟೆಯೇ ಸಂಸಾರಿಗಳಿಗಾಗಿ ಕುಗ್ಗಿ ಎರಡು ತುಂಡಾಯಿತು. ಜ್ಞಾನಸ್ನಾನದಂಥ ಸಂಸ್ಕಾರ ಬೇರೆ, ಇದು ಸಾಕ್ರಮೆಂಟಲ್, ಅಂದರೆ ಆಶೀರ್ವದಿಸಿದ ಪವಿತ್ರ ಗುರುತು, ಇದು ತಾನಾಗಿ ಕೃಪೆ ಕೊಡುವುದಿಲ್ಲ. ಧರ್ಮಸಭೆಯ ಪ್ರಾರ್ಥನೆಯ ಬಲದಿಂದ ಮನಸ್ಸನ್ನು ಕೃಪೆಗೆ ಅಣಿಮಾಡುತ್ತದೆ. ಒಳಗಿನ ಮನಸ್ಸು ಬಿಟ್ಟು ಹೊರಗಿನದ್ದಕ್ಕೇ ಶಕ್ತಿ ಇದೆ ಎಂದುಕೊಂಡರೆ ಅದು ಮೂಢನಂಬಿಕೆ ಎಂದು ನಮ್ಮ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ, 2111ನೇ ಪರಿಚ್ಛೇದ. ಎರಡನೇ ಜಾನ್ ಪಾಲ್ ಪೋಪರು ತಾವೂ ಬಹುಕಾಲದಿಂದ ಸ್ಕಾಪುಲರ್ ತೊಟ್ಟಿರುವುದಾಗಿ 2001ರಲ್ಲಿ ಬರೆದಾಗ, ಈ ಭಕ್ತಿ ಆಗೊಮ್ಮೆ ಈಗೊಮ್ಮೆ ಹೇಳುವ ಪ್ರಾರ್ಥನೆಗೆ ನಿಲ್ಲದೆ ಬದುಕಿನ ರೀತಿಯೇ ಆಗಬೇಕು ಎಂದಿದ್ದರು. ಇದನ್ನೆಲ್ಲ ನಾನು ಮೊದಲೂ ಕೇಳಿದ್ದೆ. ಆದರೆ ಅರಿಸಿನದ ಅಂಚು ಕಣ್ಣ ಮುಂದಿಟ್ಟುಕೊಂಡು ಕೇಳಿರಲಿಲ್ಲ. ಅವಳು ನಮಗೆ ಅನ್ನ ಹಾಕುವಾಗ ತೊಟ್ಟಿದ್ದನ್ನು ನಾನು ಹೆಲ್ಮೆಟ್ಟಿನ ಹಾಗೆ ತೊಟ್ಟಿದ್ದೆ.

ಪ್ರಾಯಶ್ಚಿತ್ತಕ್ಕೆ ಫಾದರ್ ಕೊಟ್ಟದ್ದು ಒಂದು ಜಪಸರ ಮತ್ತು ಒಂದು ಕೆಲಸ: "ಹೊಸದನ್ನು ಕೊಳ್ಳಬೇಡ. ನಿನ್ನ ಕೈಯಲ್ಲೇ ಹೊಲಿ."

ಅದಕ್ಕೇ ಕಂಬಳಿ. ಹಳೆಯ ನಿಯಮದಲ್ಲಿ ನೇಯ್ದ ಉಣ್ಣೆಯೇ ಆಗಬೇಕಿತ್ತು. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಪಾಲಿಯೆಸ್ಟರ್, ಚಿತ್ರದ ಮೇಲೆ ಪ್ಲಾಸ್ಟಿಕ್. 1910ರಿಂದ ಬಟ್ಟೆಯ ಬದಲು ಪದಕವನ್ನೂ ಧರಿಸಬಹುದು, ನಮ್ಮ ಸೆಕೆಗೆ ಅದೇ ಸುಖ. ಆದರೆ ನನಗೆ ಈಗ ಮೈಗೆ ಚುಚ್ಚುವಂಥದ್ದು ಬೇಕು. ನಿಮ್ಮ ಮನೆಯಲ್ಲಿ ಆ ಕಂಬಳಿಯ ಮೇಲೆ ಮಲಗಿದ ಮೊದಲ ರಾತ್ರಿ ನಾನು ಬೆಳಗಿನ ತನಕ ಕೆರೆದುಕೊಂಡೆ. ನಿಮ್ಮ ಅಜ್ಜಿ ಬಂದು ಕೊಬ್ಬರಿ ಎಣ್ಣೆ ಹಚ್ಚಿ, "ಕರಾವಳಿ ಹುಡುಗ, ಮೆತ್ತಗಿದಾನ" ಅಂದರು. ಆ ಚುಚ್ಚು ನನಗೆ ಬೇಕು. ಯಾರೋ ಕುರಿ ಕಾದು, ನೂತು, ನೇಯ್ದದ್ದು ಎದೆಗೆ ತಾಗುತ್ತಿರಬೇಕು.

ಎರಡು ಮಾಡುತ್ತೇನೆ. ಒಂದು ನನಗೆ. ಇನ್ನೊಂದು ಮಗಳಿಗೆ, ಅವಳ ಮೊದಲ ಪರಮಪ್ರಸಾದ ಬರುವ ವರ್ಷ. ಬೆಂಕಿಯ ಮಾತನ್ನು ಅವಳಿಗೆ ಮೊದಲು ಹೇಳುವುದಿಲ್ಲ. ಅರಿಸಿನದ ಮಾತನ್ನು ಹೇಳುತ್ತೇನೆ.

ಸಾಕು, ತುಂಬಾ ಬರೆದೆ. ಈಗ ಅಳತೆ ಬರೆದುಕೋ: ಅಗಲ ನಾಲ್ಕು ಬೆರಳು, ಉದ್ದ ಒಂದು ಗೇಣು. ನನ್ನ ಗೇಣು, ನಿನ್ನದಲ್ಲ. ನಿನ್ನ ಗೇಣಿನ ಕಥೆ ಇಡೀ ಹಾಸ್ಟೆಲಿಗೆ ಗೊತ್ತು. ಜುಲೈ 16ಕ್ಕೆ ಹಬ್ಬ, ಅದಕ್ಕೆ ಮೊದಲು ಸಿಗಬೇಕು. ಆಗದಿದ್ದರೆ ನೀನೇ ತೆಗೆದುಕೊಂಡು ಬಾ, ಬುಧವಾರವೋ ಶನಿವಾರವೋ ನೋಡಿಕೊಂಡು. ಆ ಎರಡು ದಿನದ ನೇಮ ಈಗ ನಾನು ಹಿಡಿದಿದ್ದೇನೆ, ಸಾರು ಅಮ್ಮನ ಹಾಗೆ ಬರುವುದಿಲ್ಲ ಅಷ್ಟೆ. ಅಂಚೆಗೆ ಹಾಕುವುದಾದರೆ ಮಾತ್ರ ಮೆಣಸಿನಕಾಯಿ ಚೀಲದ ಜೊತೆ ಕಟ್ಟಬೇಡ. ಹೋದ ಸಲ ನೀನು ಹಾಗೆ ಕಟ್ಟಿ ಕಳಿಸಿದ ಡಿಕ್ಷನರಿ ತೆರೆದರೆ ಮನೆಯವರೆಲ್ಲ ಇನ್ನೂ ಸೀನುತ್ತೇವೆ.

ನಿನ್ನ
ಬಂಗುಡೆ