ಡಿಸ್ಕ್ ತಾನಾಗಿ ಸಿಡಿಯುವುದು ಅಪರೂಪ

ಮಾನ್ಯರೇ,

ಪೈಪ್ ಕಟ್ ಮಾಡುವಾಗ ‘ಯಂತ್ರದ ಡಿಸ್ಕ್ ಸಿಡಿದು ಕಾರ್ಮಿಕನಿಗೆ ಗಾಯ’ ಎಂಬ ನಾಲ್ಕು ಸಾಲಿನ ಸುದ್ದಿ ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಕಾಣುತ್ತದೆ. ಓದಿದವರಿಗೆ ಅದು ಯಾರ ಕೈಯಲ್ಲೂ ಇಲ್ಲದ ಸಂಗತಿ ಅನ್ನಿಸಬೇಕು. ಇಪ್ಪತ್ತಾರು ವರ್ಷ ಪೈಪ್ ಫಿಟ್ಟಿಂಗ್ ಮಾಡಿದವನಾಗಿ ಹೇಳುತ್ತೇನೆ, ಬಹಳ ಸಲ ಡಿಸ್ಕನ್ನು ಸಿಡಿಸುವುದು ಪೈಪೇ.

ಕೆಲಸ ಕಲಿಯುವಾಗ ನನಗೇ ಆದದ್ದು. ಉದ್ದನೆಯ ಕಬ್ಬಿಣದ ಪೈಪಿನ ಎರಡು ತುದಿಗೆ ಎರಡು ಮರದ ದಿಮ್ಮಿ ಕೊಟ್ಟು ನಟ್ಟನಡುವೆ ಗ್ರೈಂಡರ್, ಅಂದರೆ ಕತ್ತರಿಸುವ ತೆಳು ಡಿಸ್ಕನ್ನು ತಿರುಗಿಸುವ ಕೈಯಂತ್ರ, ಇಟ್ಟಿದ್ದೆ. ಮುಕ್ಕಾಲು ಭಾಗ ಕತ್ತರಿಸುವ ಹೊತ್ತಿಗೆ ಪೈಪ್ ತನ್ನ ಭಾರಕ್ಕೆ ತಾನೇ ನಡು ಬಗ್ಗಿಸಿತು. ಮೇಲಿನ ಸೀಳು ಬಾಯಿ ಮುಚ್ಚಿ ಡಿಸ್ಕನ್ನು ಕಚ್ಚಿಕೊಂಡಿತು. ಯಂತ್ರ ಕೈಯಿಂದ ಎಗರಿ ಭುಜದ ಪಕ್ಕದಲ್ಲೇ ಹಾದುಹೋಯಿತು. ಒಡೆದ ಚೂರುಗಳು ಗಾರ್ಡಿಗೆ, ಅಂದರೆ ಡಿಸ್ಕಿನ ಒಂದು ಭಾಗವನ್ನು ಮುಚ್ಚುವ ಲೋಹದ ಕವಚಕ್ಕೆ, ಬಡಿದದ್ದರಿಂದ ನನಗೆ ಇವತ್ತಿಗೂ ಎರಡು ಕಣ್ಣಿವೆ.

ಹಾಗಾಗಿ ಆಸರೆ ತುದಿಗಳಲ್ಲಿದ್ದರೆ ಸಾಲದು, ಕತ್ತರಿಸುವ ಗೆರೆಯ ಹತ್ತಿರ, ಅದರ ಎರಡೂ ಬದಿಗೆ ಇರಬೇಕು. ಉಳಿಯುವ ಭಾಗವನ್ನು ವೈಸಿನಲ್ಲೋ ಚೈನ್ ಕ್ಲಾಂಪಿನಲ್ಲೋ ಬಿಗಿದಿರಬೇಕು. ಪೈಪನ್ನು ಕಾಲಿನಿಂದ ಒತ್ತಿ ಹಿಡಿಯುವುದು ಹಿಡಿತವೇ ಅಲ್ಲ. ಕಡಿದು ಬೀಳುವ ತುಂಡು ಚಿಕ್ಕದಾದರೆ ಸಲೀಸಾಗಿ ಕೆಳಗೆ ಬೀಳಲು ಬಿಡಿ, ಅದನ್ನು ಹಿಡಿಯಲು ಸಹಾಯಕ ಕೈ ಒಡ್ಡುವುದು ಬೇಡ. ಡಿಸ್ಕ್ ಸಿಕ್ಕಿಕೊಂಡಿತು ಅನ್ನಿಸಿದರೆ ಎಳೆದಾಡದೆ ಸ್ವಿಚ್ ಆಫ್ ಮಾಡಿ, ಪೂರ್ತಿ ನಿಲ್ಲುವವರೆಗೆ ಅಲುಗಿಸದೆ ಹಿಡಿಯಬೇಕು. ಮತ್ತೆ ಶುರು ಮಾಡುವಾಗ ಸೀಳಿನ ಒಳಗಿಟ್ಟು ಆನ್ ಮಾಡಲೇಬಾರದು. ಹೊರಗೆ ಪೂರ್ಣ ವೇಗಕ್ಕೆ ಬಂದ ಮೇಲೆ ಮೆಲ್ಲನೆ ಇಳಿಸಬೇಕು. ಆಗಲೂ ಡಿಸ್ಕ್ ತಿರುಗುವ ನೇರಕ್ಕೆ ಮೈಯೊಡ್ಡಿ ನಿಲ್ಲದೆ ಒಂದು ಬದಿಗೆ ಸರಿದಿರಬೇಕು.

ಇನ್ನು ಗಾರ್ಡ್. ಅದನ್ನು ಬಿಚ್ಚುವುದು ಸೋಮಾರಿತನಕ್ಕೆ ಎಂದುಕೊಳ್ಳುತ್ತಾರೆ. ನಾನು ಕಂಡ ಹಾಗೆ ಬಿಚ್ಚುವುದು ಹೆಚ್ಚಾಗಿ ದೊಡ್ಡ ಡಿಸ್ಕ್ ಕೂರಿಸುವುದಕ್ಕೆ, ದಪ್ಪ ಪೈಪಿಗೆ ಸಣ್ಣದು ಎಟುಕುವುದಿಲ್ಲವೆಂದು. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದರ ಸ್ವಂತ ಡಿಸ್ಕಿನ ಅಂಚೇ ಆಗ ಗಂಟೆಗೆ 200 ಕಿ.ಮೀ. ಮೀರಿ ಓಡುತ್ತಿರುತ್ತದೆ. 7 ಇಂಚಿನ ಡಿಸ್ಕಿಗೆ ಸಾಮಾನ್ಯವಾಗಿ ಮಿತಿ 8,500 ಸುತ್ತಿನ ಆಸುಪಾಸು. ವಾಷರ್ ತುರುಕಿ ಅದನ್ನು ಈ ಯಂತ್ರಕ್ಕೆ ಬಿಗಿದವನು, ಗಾರ್ಡ್ ಇಲ್ಲದ ಹೊತ್ತಿನಲ್ಲೇ, ಒಡೆಯುವ ಸಾಧ್ಯತೆ ಹೆಚ್ಚಿರುವ ಡಿಸ್ಕನ್ನು ಮುಖದ ಮುಂದೆ ತಿರುಗಿಸುತ್ತಿರುತ್ತಾನೆ. ಆ ಮಿತಿ ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ. ನಡುವಿನ ಲೋಹದ ಬಳೆಯಲ್ಲಿ ಎಷ್ಟೋ ಡಿಸ್ಕುಗಳಿಗೆ ಅವಧಿ ಮುಗಿಯುವ ತಿಂಗಳು, ವರ್ಷವೂ ಇರುತ್ತದೆ. ಔಷಧಿ ಪಟ್ಟಿಯನ್ನು ತಿರುಗಿಸಿ ನೋಡುವ ನಾವು ಇದನ್ನು ನೋಡುವುದಿಲ್ಲ.

ಹೊಸ ಡಿಸ್ಕ್ ಹಾಕುವ ಮುಂಚೆ ಪ್ಲಗ್ ಕೀಳುವುದು, ಹಾಕಿದ ಮೇಲೆ ಒಂದು ನಿಮಿಷ ಖಾಲಿ ಓಡಿಸಿ ನೋಡುವುದು, ಕನ್ನಡಕದ ಮೇಲೆ ಇಡೀ ಮುಖ ಕಾಯುವ ಫೇಸ್ ಶೀಲ್ಡ್, ಕಿವಿಗೆ ರಕ್ಷಣೆ ಎಲ್ಲರಿಗೂ ಗೊತ್ತಿರುವವೇ. ಗೊತ್ತಿಲ್ಲದೆ ಜೀವ ಹೋಗುವುದು ಹಳೆಯ ಪೈಪಿನಲ್ಲಿ. ಒಳಗೆ ಮೊದಲು ಏನು ಹರಿಯುತ್ತಿತ್ತು ಎಂದು ಕೇಳದೆ ಕಿಡಿ ಹಾರಿಸಬಾರದು. ಗ್ಯಾಸ್, ಎಣ್ಣೆ ಸಾಗಿಸಿದ ಪೈಪ್ ಖಾಲಿ ಕಂಡರೂ ಒಳಗೆ ಆವಿ ಉಳಿದಿರಬಹುದು. ಅಂಥದಕ್ಕೆ ಗ್ರೈಂಡರನ್ನೇ ಬಿಟ್ಟು, ಕೈಯಲ್ಲಿ ತಿರುಗಿಸುವ ಚಕ್ರದ ಕಟರ್ ಹಿಡಿಯುವುದು ವಾಸಿ, ಅದೂ ಒಳಗನ್ನು ಶುಚಿ ಮಾಡಿ, ಗ್ಯಾಸ್ ಇಲ್ಲವೆಂದು ಅಳೆದು ನೋಡಿದ ಮೇಲೆ.

ಮುಂದೆ ಇಂಥ ಸುದ್ದಿ ಬಂದಾಗ ತಮ್ಮ ವರದಿಗಾರರು ಎರಡು ಪ್ರಶ್ನೆ ಕೇಳಲಿ. ಗಾರ್ಡ್ ಇತ್ತೇ? ಪೈಪಿಗೆ ಆಸರೆ ಎಲ್ಲಿ ಕೊಟ್ಟಿದ್ದರು? ಉತ್ತರವನ್ನು ಒಂದೇ ಸಾಲಿನಲ್ಲಿ ಸೇರಿಸಿದರೂ ಓದುವ ಫಿಟ್ಟರಿಗೆ ಉಳಿದದ್ದು ಅರ್ಥವಾಗುತ್ತದೆ.

— ಒಬ್ಬ ಪೈಪ್ ಫಿಟ್ಟರ್