ಲೇಖಕರ ಪಟ್ಟಿಯಲ್ಲಿ ಇಲ್ಲದವರಿಗೆ

ಕಳೆದ ವಾರ ನಮ್ಮ ಪ್ರಯೋಗಾಲಯದ ಪ್ರಬಂಧ ಪ್ರಕಟವಾಯಿತು. ಇಲಿಗಳಿಗೆ ವಯಸ್ಸಾಗುತ್ತ ಹೋದಂತೆ ಮಿದುಳಿನ ಹಿಪೊಕ್ಯಾಂಪಸ್ ಭಾಗದ ನರಕೋಶಗಳ ವರ್ತನೆ ಹೇಗೆ ಬದಲಾಗುತ್ತದೆ ಎಂಬುದು ಅದರ ವಿಷಯ. ಲೇಖಕರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಕೊನೆಯಲ್ಲಿ ಕೃತಜ್ಞತೆಗೆಂದು ಬಿಡುವ ಜಾಗ ತೀರ ಚಿಕ್ಕದು. ಅನುದಾನದ ಸಂಖ್ಯೆ, ಸೂಕ್ಷ್ಮದರ್ಶಕ ಕೊಟ್ಟ ವಿಭಾಗದ ಹೆಸರು, ಕರಡು ಓದಿದ ಒಬ್ಬಿಬ್ಬರ ಹೆಸರು ಬರೆಯುವಷ್ಟರಲ್ಲಿ ಅದು ತುಂಬಿಹೋಯಿತು. ಈ ಕೆಲಸ ಅರ್ಧದಲ್ಲೇ ನಿಂತುಹೋಗುವುದರಲ್ಲಿತ್ತು. ನಿಲ್ಲದಂತೆ ಕಾಪಾಡಿದವರಲ್ಲಿ ಬಹಳ ಮಂದಿಯ ಹೆಸರು ಆ ಪ್ರಬಂಧದಲ್ಲಿ ಎಲ್ಲಿಯೂ ಇಲ್ಲ. ಅವರಿಗಾಗಿ ಈ ಬರಹ.

ನಾನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ, ಇಲ್ಲಿನ ವಿಶ್ವವಿದ್ಯಾಲಯದ ನರವಿಜ್ಞಾನ ಪ್ರಯೋಗಾಲಯವೊಂದರಲ್ಲಿ ಸಂಶೋಧನಾ ತಜ್ಞೆ. ಊರಿನಲ್ಲಿ ಹಾಗೆಂದರೆ ಏನು ಕೆಲಸ ಎಂದು ಇಂದಿಗೂ ಕೇಳುತ್ತಾರೆ. ಪಿಎಚ್‌ಡಿ ವಿದ್ಯಾರ್ಥಿಗಳು ಐದಾರು ವರ್ಷ ಇದ್ದು ಹೋಗುತ್ತಾರೆ. ಪಿಎಚ್‌ಡಿ ಮುಗಿಸಿ ತಾತ್ಕಾಲಿಕವಾಗಿ ಸಂಶೋಧನೆಗೆ ಬರುವ ಪೋಸ್ಟ್‌ಡಾಕ್‌ಗಳು ಇನ್ನೂ ಬೇಗ ಹೋಗುತ್ತಾರೆ. ಉಳಿಯುವವರು ನಮ್ಮಂಥವರು. ಯಾವ ಯಂತ್ರಕ್ಕೆ ಯಾವ ಚಾಳಿ, ಮೈನಸ್ 80 ಡಿಗ್ರಿಯ ಫ್ರೀಜರಿನ ಯಾವ ಪೆಟ್ಟಿಗೆಯಲ್ಲಿ ಏನಿದೆ, ಹೊಸಬರಿಗೆ ಮೊದಲ ಬಾರಿ ಮಿದುಳಿನ ಹೋಳು ಕತ್ತರಿಸಲು ಹೇಗೆ ಕಲಿಸಬೇಕು ಎಂಬುದೆಲ್ಲ ನಮ್ಮ ತಲೆಯಲ್ಲಿರುತ್ತದೆ. ನಾನು ಅಧ್ಯಾಪಕಿಯಲ್ಲ, ಪ್ರಯೋಗಾಲಯ ನನ್ನದೂ ಅಲ್ಲ. ಆದರೂ ಈ ಕೆಲಸವನ್ನು ನಾನು ಬಯಸಿ ಆರಿಸಿಕೊಂಡಿದ್ದೇನೆ. ದಿನವಿಡೀ ಕೈಯಿಂದ ವಿಜ್ಞಾನ ಮಾಡುವ ಅವಕಾಶ ಬೇರೆ ಯಾವ ಹುದ್ದೆಯಲ್ಲೂ ಇಷ್ಟು ಸಿಗುವುದಿಲ್ಲ.

ಒಂದೇ ಒಂದು ಕಷ್ಟವೆಂದರೆ ಸಂಬಳ ಪೂರ್ತಿ ಸಂಶೋಧನಾ ಅನುದಾನದಿಂದ ಬರುತ್ತದೆ. ಅನುದಾನ ಮುಗಿದರೆ ಹುದ್ದೆಯೂ ಮುಗಿದಂತೆ.

ವೃದ್ಧಾಪ್ಯದ ಅಧ್ಯಯನಕ್ಕೆ ವಯಸ್ಸಾದ ಇಲಿಗಳೇ ಬೇಕು. 24 ತಿಂಗಳ ಇಲಿಯೆಂದರೆ ಮನುಷ್ಯರಲ್ಲಿ ಹೆಚ್ಚುಕಡಿಮೆ 70ರ ಹತ್ತಿರದವರ ಹಾಗೆ. ಆ ವಯಸ್ಸನ್ನು ಯಾವ ಯಂತ್ರದಿಂದಲೂ ಬೇಗ ತರಿಸಲಾಗದು. ಎರಡು ವರ್ಷ ಸಾಕಬೇಕು, ಒಂದೊಂದು ಪಂಜರಕ್ಕೂ ದಿನದ ಲೆಕ್ಕದಲ್ಲಿ ಬಾಡಿಗೆ ಕಟ್ಟಬೇಕು. ನಮ್ಮ ಇಲಿಗಳಿಗೆ ಒಂದೂವರೆ ವರ್ಷ ತುಂಬಿದ ಹೊತ್ತಿಗೆ ಅನುದಾನದ ನವೀಕರಣ ಸಿಗಲಿಲ್ಲ ಎಂಬ ಸುದ್ದಿ ಬಂತು. ಪರಿಶೀಲಕರು ಕೊಟ್ಟ ಅಂಕ ಗೆರೆಯಿಂದ ಸ್ವಲ್ಪವೇ ಕೆಳಗಿತ್ತು. ಮತ್ತೆ ಅರ್ಜಿ ಹಾಕಬಹುದಿತ್ತು, ಆದರೆ ಉತ್ತರ ಬರಲು ತಿಂಗಳುಗಟ್ಟಲೆ ಕಾಯಬೇಕು. ಇಲಿಗಳ ವಯಸ್ಸು ಅಲ್ಲಿಯವರೆಗೆ ಕಾಯುವುದಿಲ್ಲ.

ನನ್ನ ಮನೆಯ ಸ್ಥಿತಿಯೂ ಅದಕ್ಕೇ ಕಟ್ಟಿಕೊಂಡಿತ್ತು. ಎಚ್‌-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನಗಳ ಕಾಲಾವಕಾಶ. ಅಷ್ಟರಲ್ಲಿ ಇನ್ನೊಂದು ಸಂಸ್ಥೆ ನಮಗಾಗಿ ಅರ್ಜಿ ಹಾಕದಿದ್ದರೆ, ಬೇರೆ ವೀಸಾಕ್ಕೂ ದಾರಿ ಇಲ್ಲದಿದ್ದರೆ, ಗಂಟುಮೂಟೆ ಕಟ್ಟಬೇಕು. ನನ್ನ ಪತಿ ಅವಲಂಬಿತ ವೀಸಾದಲ್ಲಿದ್ದರು, ಅವರಿಗೆ ದುಡಿಯುವ ಅನುಮತಿ ಇರಲಿಲ್ಲ. ಊರಿನಲ್ಲಿ ಕಾಲೇಜಿನ ಉಪನ್ಯಾಸಕ ಹುದ್ದೆ ಬಿಟ್ಟು ನನಗಾಗಿ ಇಲ್ಲಿಗೆ ಬಂದವರು. ಆ ತಿಂಗಳುಗಳಲ್ಲಿ ಒಂದು ದಿನವೂ ಅವರ ಬಾಯಿಂದ ಆ ಮಾತು ಬರಲಿಲ್ಲ. ಮಗಳ ಶಾಲೆ, ಅಡುಗೆ, ಮನೆಯ ಲೆಕ್ಕ ಎಲ್ಲವನ್ನೂ ತಾವೇ ನೋಡಿಕೊಂಡು, ನನ್ನನ್ನು ಬೆಳಗ್ಗೆ ಏಳಕ್ಕೆ ಪ್ರಯೋಗಾಲಯದ ಬಾಗಿಲಿಗೆ ಬಿಟ್ಟು ಬರುತ್ತಿದ್ದರು. ಅವರಿಗೆ ನಾನು ಮೊದಲ ಋಣಿ.

ನಮ್ಮ ಪ್ರೊಫೆಸರ್ ನನ್ನನ್ನು ಕೂರಿಸಿಕೊಂಡು ಇರುವ ಹಣವೆಷ್ಟು, ಅದು ಯಾವ ತಿಂಗಳವರೆಗೆ ಬರುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿದರು. ಮುಚ್ಚಿಡಲಿಲ್ಲ, ಸುಳ್ಳು ಧೈರ್ಯವನ್ನೂ ಹೇಳಲಿಲ್ಲ. ಸತ್ಯ ಸಂಗತಿಯನ್ನು ಸಕಾಲದಲ್ಲಿ ಹೇಳುವ ಮೇಲಧಿಕಾರಿ ಸಿಗುವುದು ದೊಡ್ಡ ಪುಣ್ಯ ಎಂದೇ ನಾನು ನಂಬಿದ್ದೇನೆ. ಮಾರನೆಯ ದಿನದಿಂದಲೇ ಅವರು ವಿಭಾಗದ ಬಾಗಿಲುಗಳನ್ನು ತಟ್ಟಲು ಶುರುಮಾಡಿ, ಎರಡು ಅನುದಾನಗಳ ನಡುವಿನ ಅಂತರಕ್ಕೆಂದು ಕೊಡುವ ತಾತ್ಕಾಲಿಕ ಹಣವನ್ನು ತಂದರು. ಅದು ಪಂಜರಗಳ ಬಾಡಿಗೆಗೆ ಸಾಕಾಯಿತು, ನನ್ನ ಸಂಬಳಕ್ಕೆ ಅರ್ಧ ಮಾತ್ರ. ಉಳಿದರ್ಧವನ್ನು ಹೊತ್ತವರು ಎದುರು ಪ್ರಯೋಗಾಲಯದ ಹಿರಿಯರು, ಬೆನ್ನುಹುರಿಯ ಮೇಲೆ ಕೆಲಸ ಮಾಡುವವರು. “ನನ್ನ ವಿದ್ಯಾರ್ಥಿಗಳಿಗೆ ಪ್ಯಾಚ್ ಕ್ಲ್ಯಾಂಪ್ ಕಲಿಸುವವರು ಬೇಕಾಗಿದ್ದಾರೆ” ಎಂದು ಅವರೇ ಬಂದು ಕೇಳಿದರು. ಕೇಳಿದ ರೀತಿಯಲ್ಲಿ ಉಪಕಾರದ ಸುಳಿವೇ ಇರಲಿಲ್ಲ. ಅಂದು ನನ್ನ ಮಾನವನ್ನೂ ಅವರು ಉಳಿಸಿದರು.

ಪ್ಯಾಚ್ ಕ್ಲ್ಯಾಂಪ್ ಎಂದರೇನು ಎಂದು ಸ್ವಲ್ಪ ಹೇಳಬೇಕು, ಏಕೆಂದರೆ ನನ್ನ ದಿನಗಳು ಕಳೆಯುವುದೇ ಅದರಲ್ಲಿ. ಒಂದೊಂದೇ ನರಕೋಶದ ವಿದ್ಯುತ್ ಮಿಡಿತವನ್ನು ಅಳೆದು ದಾಖಲಿಸುವ ವಿಧಾನ ಅದು. ಇಲಿಯ ಮಿದುಳು ಅರ್ಧ ಗ್ರಾಮಿಗೂ ಕಡಿಮೆ ತೂಕದ್ದು. ತಾಜಾ ಇರುವಾಗ ಗಿಣ್ಣಿನಷ್ಟು ಮೃದು. ಅದನ್ನು ಹಿಮದಂತೆ ತಣ್ಣಗಿರುವ ದ್ರವದಲ್ಲಿಟ್ಟು, ವೈಬ್ರಟೋಮ್ ಎಂಬ ಕಂಪಿಸುವ ಅಲಗಿನ ಯಂತ್ರದಲ್ಲಿ 0.3 ಮಿಲಿಮೀಟರ್ ದಪ್ಪದ ಹೋಳುಗಳಾಗಿ ಕತ್ತರಿಸುತ್ತೇವೆ. ಆಮೇಲೆ ಆಮ್ಲಜನಕ 95 ಭಾಗ, ಇಂಗಾಲದ ಡೈಆಕ್ಸೈಡ್ 5 ಭಾಗ ಬೆರೆತ ಅನಿಲವನ್ನು ಗುಳ್ಳೆಗುಳ್ಳೆಯಾಗಿ ಹಾಯಿಸಿದ ಉಪ್ಪುನೀರಿನಲ್ಲಿ ಆ ಹೋಳುಗಳು ಐದಾರು ಗಂಟೆ ಜೀವಂತವಾಗಿರುತ್ತವೆ. ತುದಿ ಒಂದೆರಡು ಮೈಕ್ರೋಮೀಟರ್‌ನಷ್ಟು ಸಣ್ಣದಾಗಿರುವ ಗಾಜಿನ ಪೈಪೆಟ್ಟನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೇ ಒಂದು ನರಕೋಶದ ಮೈಗೆ ತಾಗಿಸಿ, ಅದಕ್ಕೆ ಜೋಡಿಸಿದ ಕೊಳವೆಯ ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಮೆಲ್ಲಗೆ ಉಸಿರು ಎಳೆದುಕೊಳ್ಳುತ್ತೇವೆ. ಗಾಜೂ ಕೋಶದ ಪೊರೆಯೂ ಎಷ್ಟು ಗಟ್ಟಿಯಾಗಿ ಬೆಸೆದುಕೊಳ್ಳುತ್ತವೆಂದರೆ ಅವುಗಳ ನಡುವಿನ ವಿದ್ಯುತ್ ರೋಧ ನೂರು ಕೋಟಿ ಓಮ್ ದಾಟುತ್ತದೆ. ಪರದೆಯ ಮೇಲಿನ ಗೆರೆ ಒಮ್ಮೆಲೇ ಶಾಂತವಾಗುವ ಆ ಕ್ಷಣ ನನಗೆ ಇಂದಿಗೂ ಹಳತಾಗಿಲ್ಲ. ಈ ವಿಧಾನವನ್ನು ಕಟ್ಟಿದ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಅವರಿಗೆ 1991ರಲ್ಲಿ ನೊಬೆಲ್ ಬಂತು.

ಆ ಗುಳ್ಳೆಗಳ ಪಾಠ ನನಗೆ ಬೆಂಗಳೂರಿನಲ್ಲಿ ಆಯಿತು. ನಾನು ಮೊದಲು ಕೆಲಸ ಕಲಿತ ಪ್ರಯೋಗಾಲಯದಲ್ಲಿ ಒಬ್ಬ ಅಟೆಂಡರ್ ಇದ್ದರು, ನಾವೆಲ್ಲ ಅಣ್ಣ ಎಂದೇ ಕರೆಯುತ್ತಿದ್ದೆವು. ಸಿಲಿಂಡರ್ ಬದಲಿಸುವುದು ಅವರ ಕೆಲಸ. “ಮೇಡಂ, ಮೊದಲು ಗುಳ್ಳೆ ನೋಡಿ, ಆಮೇಲೆ ಮಿಕ್ಕಿದ್ದು” ಎನ್ನುತ್ತಿದ್ದರು. ಅನಿಲ ನಿಂತರೆ ದ್ರವದ ಆಮ್ಲೀಯತೆಯ ಹದ ಕೆಟ್ಟು ಕ್ಯಾಲ್ಸಿಯಂ ಬೇರ್ಪಟ್ಟು ಬಿಳಿಯಾಗಿ ಕದಡುತ್ತದೆ, ಕೋಶಗಳು ಸಾಯುತ್ತವೆ. ಇದರ ರಸಾಯನಶಾಸ್ತ್ರವನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಕೋಣೆಯ ಇನ್ನೊಂದು ಮೂಲೆಯಲ್ಲಿದ್ದರೂ ಶಬ್ದದಿಂದಲೇ ಅನಿಲ ಕಡಿಮೆಯಾದದ್ದನ್ನು ಹಿಡಿಯುವ ಕಿವಿಯನ್ನು ಕೊಟ್ಟವರು ಅವರು. ಇಲ್ಲಿ ನಾನು ಕಲಿಸಿದ ಪ್ರತಿ ವಿದ್ಯಾರ್ಥಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ. ಅಣ್ಣನಿಗೆ ನನ್ನ ನಮಸ್ಕಾರ.

ವಯಸ್ಸಾದ ಪ್ರಾಣಿಯ ಹೋಳುಗಳನ್ನು ಉಳಿಸಿಕೊಳ್ಳುವುದು ಎಳೆಯದರ ಹೋಳುಗಳಿಗಿಂತ ಬಹಳ ಕಷ್ಟ. ಕತ್ತರಿಸುವಾಗಿನ ಆಘಾತಕ್ಕೆ ಕೋಶಗಳು ಉಬ್ಬಿ ಸಾಯುತ್ತವೆ. ದ್ರವದಲ್ಲಿನ ಸೋಡಿಯಂ ಬದಲು ಎನ್‌ಎಂಡಿಜಿ ಎಂಬ ಬೇರೆ ಅಣುವನ್ನಿಟ್ಟು ಈ ಆಘಾತವನ್ನು ತಗ್ಗಿಸುವ ಕ್ರಮವನ್ನು ಜೊನಾಥನ್ ಟಿಂಗ್ ಮತ್ತು ಸಂಗಡಿಗರು 2014ರಲ್ಲಿ ಹಂತಹಂತವಾಗಿ ಬರೆದು ಪ್ರಕಟಿಸಿದರು. ಅವರನ್ನು ನಾನು ಕಂಡಿಲ್ಲ. ತಮ್ಮ ಕೈಗುಣವನ್ನು ಗುಟ್ಟಾಗಿಟ್ಟುಕೊಳ್ಳದೆ ಎಲ್ಲರಿಗೂ ಹಂಚಿದ ಇಂಥವರಿಲ್ಲದಿದ್ದರೆ ನಮ್ಮ ಹಳೆಯ ಇಲಿಗಳಿಂದ ಒಂದು ದಾಖಲೆಯೂ ಸಿಗುತ್ತಿರಲಿಲ್ಲ. ಚಿತ್ರಗಳನ್ನು ಅಳೆಯಲು ನಾವು ಬಳಸುವ ಇಮೇಜ್‌ಜೆ ತಂತ್ರಾಂಶವೂ ಹಾಗೆಯೇ. ವೇಯ್ನ್ ರಾಸ್‌ಬ್ಯಾಂಡ್ ಅವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿದ್ದು ಬರೆದದ್ದು, ಜಗತ್ತಿಗೆಲ್ಲ ಉಚಿತ. ಅದರ ಮುಂದಿನ ರೂಪಗಳನ್ನು ಬೆಳೆಸುತ್ತಿರುವವರಲ್ಲಿ ನಮ್ಮ ಮ್ಯಾಡಿಸನ್ನಿನವರೂ ಇದ್ದಾರೆ ಎಂಬುದು ನನಗೆ ಹೆಮ್ಮೆ. ಇನ್ನೂ ಹಿಂದೆ ಹೋದರೆ, ಮುದಿ ಇಲಿಗಳ ಹಿಪೊಕ್ಯಾಂಪಸ್ಸಿನ ಕೋಶಗಳು ಒಮ್ಮೆ ಮಿಡಿದ ಮೇಲೆ ಹೆಚ್ಚು ಹೊತ್ತು ಮಂಕಾಗಿರುತ್ತವೆ ಎಂದು ಲ್ಯಾಂಡ್‌ಫೀಲ್ಡ್ ಮತ್ತು ಪಿಟ್ಲರ್ 1984ರಲ್ಲೇ ತೋರಿಸಿದ್ದರು. ನಮ್ಮ ಪ್ರಶ್ನೆ ಹುಟ್ಟಿದ್ದೇ ಅಂಥ ಕೆಲಸಗಳಿಂದ.

ಈ ಬರಹವನ್ನು ಬರೆಯಬೇಕೆನ್ನಿಸಿದ್ದು ಮುಖ್ಯವಾಗಿ ಪ್ರಾಣಿ ಆರೈಕೆ ವಿಭಾಗದವರಿಗಾಗಿ. ಸರೋವರ ಹೆಪ್ಪುಗಟ್ಟುವ ಚಳಿಯಲ್ಲಿ, ಹಿಮ ಬಿದ್ದು ಶಾಲೆ ಕಚೇರಿಗಳಿಗೆಲ್ಲ ರಜೆ ಕೊಟ್ಟ ದಿನವೂ, ಅವರು ಬಂದೇ ಬರುತ್ತಾರೆ. ಇಲಿಗಳಿಗೆ ಹಬ್ಬ, ರಜೆ, ಭಾನುವಾರ ಇಲ್ಲ. ನಮ್ಮದು ಬ್ಲ್ಯಾಕ್ ಸಿಕ್ಸ್ ಎಂದು ಕರೆಯುವ ಕಪ್ಪು ತಳಿ. ವಯಸ್ಸಾದಾಗ ಇವಕ್ಕೆ ಚರ್ಮದಲ್ಲಿ ತುರಿಕೆ ಶುರುವಾಗಿ, ಹಿಂಗಾಲಿನ ಉಗುರಿನಿಂದ ಕೆರೆದು ಕೆರೆದು ಹುಣ್ಣಾಗುವುದುಂಟು. ಹುಣ್ಣು ದೊಡ್ಡದಾದರೆ ಆ ಇಲಿ ನರಳದಂತೆ ಅಧ್ಯಯನದಿಂದಲೇ ತೆಗೆಯಬೇಕಾಗುತ್ತದೆ. ಒಬ್ಬ ಹಿರಿಯ ಮಹಿಳೆ, ಬೆಳಗಿನ ಪಾಳಿಯವರು, ಪಂಜರ ಬದಲಿಸುವಾಗ ಪ್ರತಿ ಇಲಿಯ ಕತ್ತಿನ ಹಿಂಭಾಗವನ್ನು ನೋಡುತ್ತಿದ್ದರು. ಕೂದಲು ಸ್ವಲ್ಪ ಕದಲಿದ್ದರೂ ಪಂಜರಕ್ಕೆ ಚೀಟಿ ಅಂಟಿಸಿ, ಪಶುವೈದ್ಯೆಯನ್ನು ಕರೆಸಿ, ಆ ಪುಟ್ಟ ಉಗುರುಗಳನ್ನು ಕತ್ತರಿಸುವಾಗ ತಾವೇ ಇಲಿಯನ್ನು ಹಿಡಿದುಕೊಳ್ಳುತ್ತಿದ್ದರು. ಸಾಸಿವೆಗಿಂತ ಸಣ್ಣ ಉಗುರದು. ಬಹಳಷ್ಟು ಹುಣ್ಣುಗಳು ಅಷ್ಟರಿಂದಲೇ ಮಾಯ್ದವು. ಹಣ ನಿಂತ ತಿಂಗಳುಗಳಲ್ಲಿ ಈ ಇಲಿಗಳಿಗೆ ಮುಂದೆ ಏನಾಗುವುದೋ ನಮಗಾರಿಗೂ ತಿಳಿದಿರಲಿಲ್ಲ. ಅವರ ಆರೈಕೆಯಲ್ಲಿ ಆಗ ಒಂದು ಎಳೆಯಷ್ಟೂ ಕಡಿಮೆಯಾಗಲಿಲ್ಲ. ನಮ್ಮ ಪ್ರಬಂಧದ ಪ್ರತಿ ಚಿತ್ರದಲ್ಲಿ ‘ವೃದ್ಧ ಇಲಿಗಳು’ ಎಂದು ಗುರುತು ಹಾಕಿದ ಬಿಂದುಗಳಿವೆಯಲ್ಲ, ಅವು ಆ ಮಹಿಳೆಯ ಕೈಯಲ್ಲಿ ಉಳಿದ ಜೀವಗಳು.

ನನ್ನ ಅಪ್ಪ ಸಾಗರ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ದನದ ಹತ್ತಿರ ಹೋಗುವಾಗ ನಿನ್ನ ಕೈ ಅದಕ್ಕೆ ಮೊದಲೇ ಕಾಣಲಿ, ಹಿಂದಿನಿಂದ ಮುಟ್ಟಬೇಡ ಎಂದು ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಇಲಿಯನ್ನು ಬಾಲ ಹಿಡಿದು ಎತ್ತುವುದು ಪ್ರಯೋಗಾಲಯಗಳ ಹಳೆಯ ರೂಢಿ. ಹಾಗೆ ಎತ್ತಿದರೆ ಅವಕ್ಕೆ ಭಯ ಹೆಚ್ಚುತ್ತದೆ, ಬೊಗಸೆಯಲ್ಲೋ ಕೊಳವೆಯಲ್ಲೋ ಎತ್ತಿಕೊಂಡರೆ ತಗ್ಗುತ್ತದೆ ಎಂದು ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ 2010ರಲ್ಲಿ ತೋರಿಸಿದರು. ಅದನ್ನು ಓದಿದ ದಿನ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. “ಭಯಬಿದ್ದ ಪ್ರಾಣಿ ಯಾವ ನಿಜ ಹೇಳೀತು?” ಎಂದರು. ನಾನು ಈ ಕೆಲಸಕ್ಕೆ ಸೇರಿದಾಗ ಅವರು ಕೇಳಿದ್ದು ಒಂದೇ ಮಾತು: “ನೋವಾಗದ ಹಾಗೆ ನೋಡಿಕೊಳ್ಳುತ್ತೀಯಲ್ಲ, ಪುಟ್ಟಿ?” ಪ್ರತಿ ಬಾರಿ ಅರಿವಳಿಕೆ ಕೊಟ್ಟು, ಇಲಿಯ ಪಾದ ಚಿವುಟಿ, ಅದಕ್ಕೆ ಏನೂ ತಿಳಿಯುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳುವಾಗ ಆ ಮಾತು ನನ್ನೊಳಗೆ ಇರುತ್ತದೆ. ಈ ಇಲಿಗಳಿಗೆ ಕೃತಜ್ಞತೆ ಹೇಳಿದರೆ ಕೇಳಿಸಿಕೊಳ್ಳಲು ಅವಿಲ್ಲ. ಆದರೂ ಹೇಳದೆ ಇರಲಾರೆ. ನಾವು ತಿಳಿದುಕೊಂಡದ್ದೆಲ್ಲ ಅವು ಕೊಟ್ಟದ್ದು.

ಕಂಪನ ತಡೆಯುವ ಮೇಜಿನ ಗಾಳಿ ತುಂಬಿದ ಕಾಲು ಸೋರತೊಡಗಿದಾಗ ಹೊಸದಕ್ಕೆ ಹಣವಿಲ್ಲದ್ದನ್ನು ತಿಳಿದು, ತಾವೇ ಕೆತ್ತಿದ ಬಿಡಿಭಾಗ ಹಾಕಿ ಸರಿಮಾಡಿಕೊಟ್ಟ ವರ್ಕ್‌ಶಾಪಿನವರಿಗೆ, ವೀಸಾ ಕಾಗದಗಳನ್ನು ಗಡುವಿಗೆ ಮೊದಲೇ ತಿದ್ದಿ ಕಳುಹಿಸಿದ ಕಚೇರಿಯ ಸಿಬ್ಬಂದಿಗೆ, ಆ ಚಳಿಗಾಲದಲ್ಲಿ ಬಾಡಿಗೆ ಏರಿಸದ ಮನೆಯ ಮಾಲೀಕರಿಗೆ, ಕಾರಣ ಕೇಳದೆ ವಾರವಾರವೂ ನಮ್ಮನ್ನು ಊಟಕ್ಕೆ ಕರೆದ ಇಲ್ಲಿನ ಕನ್ನಡದ ಮನೆಯವರಿಗೆ, ವಿಶೇಷವಾಗಿ ನನ್ನ ಮಗಳನ್ನು ತಮ್ಮ ಮಕ್ಕಳ ಜೊತೆಗೇ ಈಜಿಗೆ ಕರೆದೊಯ್ದ ಅಕ್ಕನಿಗೆ, ನಾನು ಋಣಿ.

ಎರಡನೆಯ ಅರ್ಜಿಗೆ ಅನುದಾನ ಸಿಕ್ಕಿತು. ಪತ್ರ ಬಂದ ದಿನ ಉಳಿದ ಇಲಿಗಳಿಗೆ 23 ತಿಂಗಳಾಗಿತ್ತು. ಮುಂದಿನ ತಿಂಗಳಿಂದಲೇ ದಾಖಲೆ ಶುರುವಾಯಿತು, ಮೊದಲ ಲೇಖಕನಾದ ವಿದ್ಯಾರ್ಥಿ ಈಗ ಪದವಿ ಪಡೆದು ಬೇರೆ ಊರಿಗೆ ಹೊರಟಿದ್ದಾನೆ.

ಬರುವ ಶನಿವಾರ ಪ್ರಾಣಿ ಆರೈಕೆ ವಿಭಾಗದ ಎಲ್ಲ ಪಾಳಿಯವರಿಗೂ ಕಟ್ಟಡದ ಕೆಳಗಿನ ಸಭಾಂಗಣದಲ್ಲಿ ನಮ್ಮ ಊಟ. ಬಿಸಿಬೇಳೆ ಬಾತ್, ಕೋಸಂಬರಿ, ಶಾವಿಗೆ ಪಾಯಸ, ಖಾರ ಬೇಡದವರಿಗೆ ಮೊಸರನ್ನ ಮಾಡುತ್ತೇವೆ. ಪಾಳಿಗಳು ಬೇರೆ ಬೇರೆಯಾದ್ದರಿಂದ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೂ ಬಡಿಸಬೇಕು. ಮ್ಯಾಡಿಸನ್ನಿನಲ್ಲಿರುವ ಕನ್ನಡದವರು ಯಾರಾದರೂ ಒಂದು ಗಂಟೆ ಕೈಜೋಡಿಸಲು ಬಂದರೆ ನನಗೆ ಬಹಳ ಸಂತೋಷವಾಗುತ್ತದೆ.